ಒಂಬತ್ತನೇ ನಂಬರಿಗೆ ಆಸಕ್ತಿ ಇಲ್ಲ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಎರಡೇ ಎರಡು ಪದ: ‘ಆಸಕ್ತಿ ಇಲ್ಲ’.

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮಂಡಿನೋವಿನ ಹೊಸ ಮಾತ್ರೆಯೊಂದರ ಪರೀಕ್ಷೆ ನಡೆಯುತ್ತಿತ್ತು. ಮಾತ್ರೆ ನುಂಗಲು ಜನರನ್ನು ಸೇರಿಸುವುದು, ಸೇರಿದವರು ಆರು ತಿಂಗಳು ಬಿಟ್ಟುಹೋಗದಂತೆ ನೋಡಿಕೊಳ್ಳುವುದು ನಮ್ಮ ಸಹಿರಾಯನ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತೆನ್ನಿ. ಆದರೆ ಯಾರೇ ಬಂದು ಕೂತರೂ ತಲೆ ಎತ್ತದೆ ಒಪ್ಪಿಗೆ ಪತ್ರ ಮುಂದೆ ತಳ್ಳಿ ‘ಇಲ್ಲೊಂದು ಸಹಿ, ಇಲ್ಲೊಂದು ಸಹಿ’ ಎನ್ನುತ್ತಿದ್ದುದರಿಂದ ಇಡೀ ಮಹಡಿಗೆ ಅವನು ಸಹಿರಾಯ. ಸಹಿ ಹಾಕುವ ಕೈಗಳನ್ನು ಬೇಕಾದಷ್ಟು ನೋಡಿದ್ದ, ಮುಖಗಳನ್ನು ನೋಡಿದ್ದು ಕಡಿಮೆ.

ಪರೀಕ್ಷೆಯಲ್ಲಿ ಉಳಿದವರು ಇಪ್ಪತ್ತೆರಡು ಗಂಡಸರು. ಎಲ್ಲರೂ ಸಹಿರಾಯನ ಜೊತೆ ಸಂಜೆ ಬ್ಯಾಡ್ಮಿಂಟನ್ ಆಡುವವರು, ಅವನ ಭಾವಮೈದುನನೂ ಸೇರಿ. ಬಿಟ್ಟುಹೋದವರು ಹನ್ನೊಂದು ಜನ: ಬಟ್ಟೆ ಹೊಲಿಯುವವರು, ಕಸ ಗುಡಿಸುವವರು, ಬಸ್ಸು ಓಡಿಸುವವರು, ವಯಸ್ಸಾದ ಹೆಂಗಸರು. ರಿಜಿಸ್ಟರಿನಲ್ಲಿ ಅವರಿಗೆ ಹೆಸರಿಲ್ಲ, ಬರೀ ನಂಬರು. ‘ಬಿಟ್ಟ ಕಾರಣ’ ಎಂಬ ಕಾಲಮ್ಮಿನಲ್ಲಿ ಹನ್ನೊಂದು ಜನರ ಎದುರಿಗೂ ಅವನು ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿನಲ್ಲಿ ಬರೆದಿದ್ದ: ಆಸಕ್ತಿ ಇಲ್ಲ.

ಅದನ್ನು ಓದಿಯೇ ಮೇಲಿನವರು ತರಬೇತಿ ಕೊಡಲು ಒಬ್ಬ ಮೇಡಂ ಅನ್ನು ಕಳಿಸಿದ್ದರು. ಆಕೆ ಬೆಳಿಗ್ಗೆ ಒಂಬತ್ತಕ್ಕೇ ಬಂದು, ರಿಜಿಸ್ಟರ್ ಮೇಲೆ ಕಣ್ಣಾಡಿಸಿ ಕೇಳಿದರು: “ಏನ್ರೀ, ಮಂಡಿ ಅನ್ನೋದು ಗಂಡಸರಿಗೆ ಮಾತ್ರಾನಾ ಇರೋದು?”

ಸಿಸ್ಟರ್ ಕಿಸಕ್ಕನೆ ನಕ್ಕಳು. ರಕ್ತ ತೆಗೆಯುವವನು ಕೆಮ್ಮಿದ. ಸಹಿರಾಯ ತನ್ನ ಬೂಟು ನೋಡಿಕೊಂಡ.

“ಮಾತ್ರೆ ನಾಳೆ ಎಲ್ಲರೂ ನುಂಗ್ತಾರೆ. ಪರೀಕ್ಷೆ ಮಾಡೋದು ಮಾತ್ರ ನಿಮ್ಮ ಸ್ನೇಹಿತರ ಮೇಲೆ. ಇದ್ಯಾವ ನ್ಯಾಯ?” ಎಂದರು ಮೇಡಂ. “ಹತ್ತೂವರೆಗೆ ನಾಟಕದವರೊಬ್ಬರು ಬರ್ತಾರೆ. ಬಿಟ್ಟುಹೋದ ಒಬ್ಬರ ಪಾತ್ರ ಮಾಡ್ತಾರೆ. ಅವರ ಜೊತೆ ಮಾತಾಡಿ ಅಭ್ಯಾಸ ಮಾಡ್ಕೊಳ್ಳಿ. ಸಂಜೆಯೊಳಗೆ ನಿಜವಾದವರು ಒಬ್ಬರಾದರೂ ವಾಪಸ್ ಬರಬೇಕು. ಇಲ್ಲದಿದ್ರೆ ಇಲ್ಲಿನ ಪರೀಕ್ಷೆ ಬಂದ್. ನಿಮ್ಮ ಕೆಲಸವೂ ಅಷ್ಟೆ.”

ಸಹಿರಾಯ ಮನಸ್ಸಲ್ಲೇ ಲೆಕ್ಕ ಹಾಕಿದ. ಹೊಸ ಮನೆಗೆ ಹೋಗಿ ಎರಡು ತಿಂಗಳಾಗಿತ್ತು, ಮಗಳು ಇನ್ನೂ ನಾಲ್ಕನೇ ಕ್ಲಾಸು.

ಹತ್ತೂವರೆಗೆ ಸರಿಯಾಗಿ, ಬೂದು ಶಾಲು ಹೊದ್ದ ಅರವತ್ತು ದಾಟಿದ ಹೆಂಗಸೊಬ್ಬರು ಏದುಸಿರು ಬಿಡುತ್ತ ಒಳಗೆ ಬಂದರು. ಲಿಫ್ಟು ಸೋಮವಾರದಿಂದ ಕೆಟ್ಟಿತ್ತು. ಕಿತ್ತುಹೋದ ಚಪ್ಪಲಿಯ ಉಂಗುಷ್ಟಕ್ಕೆ ಸೇಫ್ಟಿ ಪಿನ್ನು.

“ಪಿನ್ನು ನೋಡ್ರೀ! ಎಂಥಾ ವೇಷ!” ಎಂದು ಸಿಸ್ಟರ್ ಸಹಿರಾಯನ ಕಿವಿಯಲ್ಲಿ ಉಸುರಿದಳು.

“ನಾನು ಮೂರು ತಿಂಗಳ ಹಿಂದೆ ಬಂದಿದ್ದೆ,” ಎಂದರು ಆಕೆ. “ಒಂಬತ್ತನೇ ನಂಬರು. ಹದಿನೆಂಟು ಪುಟ ಕೊಟ್ಟು ಸಹಿ ಮಾಡಿ ಅಂದ್ರಿ. ಕನ್ನಡಕ ತಂದಿಲ್ಲ ಅಂದೆ. ಓದೋದೇನಿದೆ, ಹಾಕಿ ಅಂದ್ರಿ. ಅರ್ಧ ಜನಕ್ಕೆ ಔಷಧಿ ಇರಲ್ಲ, ಸುಮ್ಮನೆ ಸಕ್ಕರೆ ಮಾತ್ರೆ ಅಂದ್ರಿ. ನನಗೆ ಇರೋದೇ ಸಕ್ಕರೆ ಕಾಯಿಲೆ. ಓಡಿಹೋಗದೆ ಇನ್ನೇನ್ ಮಾಡ್ಲಿ?”

ರಕ್ತ ತೆಗೆಯುವವನು ತೊಡೆ ತಟ್ಟಿಕೊಂಡು ನಕ್ಕ. “ಡೈಲಾಗು ಚೆನ್ನಾಗಿದೆ ಸಾರ್!”

ಸಹಿರಾಯನಿಗೂ ಉತ್ಸಾಹ ಬಂತು. ನಾಟಕ ತಾನೇ! ಕೈ ಜೋಡಿಸಿ, ದನಿ ಎತ್ತರಿಸಿ, “ತಾಯೀ, ನಿಮ್ಮ ಮಂಡಿಯೇ ನನ್ನ ಮಂಡಿ!” ಎಂದ. ಆಕೆಯ ಕಣ್ಣಲ್ಲಿ ನೀರಾಡಿತು. ಸಹಿರಾಯ ಬಗ್ಗಿ ನೋಡಿ, “ಅಬ್ಬಾ, ಗ್ಲಿಸರಿನ್ನಾ? ಎಷ್ಟು ವರ್ಷದಿಂದ ನಾಟಕ ಮಾಡ್ತಿದ್ದೀರಿ?” ಎಂದು ಕೇಳಿಬಿಟ್ಟ.

ಆಕೆ ಎದ್ದರು. ಶಾಲು ಸರಿಮಾಡಿಕೊಂಡು ಹೊರಟುಹೋದರು. ಮೂವರೂ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಮೇಡಂ ಫೋನು ಹಿಡಿದುಕೊಂಡೇ ಪಕ್ಕದ ಕೋಣೆಯಿಂದ ಬಂದರು. “ನಾಟಕದವರ ಬಸ್ಸು ಕೆಟ್ಟು ನಿಂತಿದೆಯಂತೆ. ಅವರು ಬರೋದು ಇನ್ನೂ ಒಂದು ಗಂಟೆ. ಈಗ ಹೋದೋರು ಯಾರು?”

ಸಹಿರಾಯ ರಿಜಿಸ್ಟರ್ ತೆರೆದ. ಒಂಬತ್ತು: ಆಸಕ್ತಿ ಇಲ್ಲ. ಪುಸ್ತಕವನ್ನು ಹಾಗೇ ಬಿಟ್ಟು ಮೆಟ್ಟಿಲಿನತ್ತ ಓಡಿದ.

ಎರಡನೇ ಮಹಡಿಯ ತಿರುವಿನಲ್ಲಿ ಹೆಂಗಸೊಬ್ಬರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಇವನನ್ನು ನೋಡಿ ನಿಂತು, “ಏನಪ್ಪಾ, ಚೆನ್ನಾಗಿದ್ದೀಯಾ? ಮಂಡಿನೋವಿನ ಕೋಣೆ ಮೇಲೇ ತಾನೇ?” ಎಂದರು. ಇವನಿಗೆ ನಿಲ್ಲುವ ವ್ಯವಧಾನ ಎಲ್ಲಿ? “ಮೇಲೆ, ಮೇಲೆ, ದಾರಿ ಬಿಡಿ!” ಎನ್ನುತ್ತ ಅವರನ್ನು ಗೋಡೆಗೆ ಒತ್ತರಿಸಿಕೊಂಡೇ ಇಳಿದ.

ಬೂದು ಶಾಲಿನವರು ಕೆಳಗಿನ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದರು. ಸಹಿರಾಯ ಅವರ ಪಕ್ಕದಲ್ಲಿ ಧೂಳಿನಲ್ಲೇ ಕೂತ. ಮುಖ ಎತ್ತಲು ಆಗುತ್ತಿರಲಿಲ್ಲ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು.

“ತಪ್ಪಾಯ್ತಮ್ಮ,” ಎಂದ. “ನಿಮ್ಮ ಕಷ್ಟ ನನಗೆ ಕಾಣಿಸಲೇ ಇಲ್ಲ. ನಾನು ನಿಮ್ಮ ಮುಖಾನೇ ನೋಡಿರಲಿಲ್ಲ.”

“ಬೆಂಚಿನ ಮೇಲೆ ಎರಡೂವರೆ ಗಂಟೆ ಕೂರಿಸಿದ್ರಿ. ಬೆಳಿಗ್ಗೆ ಹತ್ತಕ್ಕೆ ಬಂದ್ರೆ ಹೊಲಿಗೆ ಕೆಲಸ ಹೋಗುತ್ತೆ ಅಂದೆ. ಏನ್ ಬರ್ಕೊಂಡ್ರಿ?”

“ಆಸಕ್ತಿ ಇಲ್ಲ ಅಂತ. ಎಲ್ಲರಿಗೂ ಅದನ್ನೇ ಬರೆದೆ. ಯಾರಿಗೂ ಒಂದು ಫೋನೂ ಮಾಡಲಿಲ್ಲ. ಸಂಜೆ ಆಟಕ್ಕೆ ತಡವಾಗುತ್ತೆ ಅಂತ. ನಾಚಿಕೆ ಆಗ್ತಿದೆ.”

“ನನ್ನ ಹೆಸರೇನು, ಹೇಳಿ ನೋಡೋಣ?”

ಅವನು ಬಾಯಿ ತೆರೆದ. ಬಂದದ್ದು “ಒಂಬತ್ತು” ಎಂಬುದೊಂದೇ. ಅವನ ಕಣ್ಣು ತುಂಬಿತು. ಇದಕ್ಕೆ ಯಾವ ಗ್ಲಿಸರಿನ್ನೂ ಬೇಕಾಗಲಿಲ್ಲ. “ನೀವು ಹೇಳಿದ ಹೊತ್ತಿಗೆ ನಾನೇ ನಿಮ್ಮನೆಗೆ ಬರ್ತೀನಿ. ಹದಿನೆಂಟು ಪುಟಾನೂ ನಾನೇ ಓದಿ ಹೇಳ್ತೀನಿ. ಸಹಿ ಬೇಡ, ಮೊದಲು ಕೇಳಿ ಸಾಕು.”

“ಸರಿ, ಬರ್ತೀನಿ,” ಎಂದರು ಆಕೆ.

ಮೇಲಿನಿಂದ ಚಪ್ಪಾಳೆ ಕೇಳಿಸಿತು. ಮೇಡಂ, ಸಿಸ್ಟರ್, ರಕ್ತ ತೆಗೆಯುವವನು ಕಂಬಿಗೆ ಆತುಕೊಂಡು ಸಾಲಾಗಿ ನಿಂತಿದ್ದರು. ಬೂದು ಶಾಲಿನವರು ಚಂಗನೆ ಎದ್ದು, ಶಾಲು ಕೊಡವಿ ಎಲ್ಲರಿಗೂ ನಮಸ್ಕರಿಸಿದರು. ಮಂಡಿ ಗಟ್ಟಿಯಾಗಿಯೇ ಇತ್ತು.

“ಬಸ್ಸು ಗಿಸ್ಸು ಎಲ್ಲ ಸುಳ್ಳು, ಇವರೇ ನಾಟಕದವರು,” ಎಂದರು ಮೇಡಂ. “ನೋಯಿಸಿದ ಮೇಲೆ ವಾಪಸ್ ಕರೆಯೋದು ಹೇಗೆ ಅನ್ನೋದೇ ಇವತ್ತಿನ ಪಾಠ. ಇವರು ಆಡಿದ ಮಾತುಗಳು ಮಾತ್ರ ಸುಳ್ಳಲ್ಲ. ಹನ್ನೊಂದು ಜನಕ್ಕೂ ನಾನೇ ಫೋನ್ ಮಾಡಿ ಕೇಳಿ ಬರ್ಕೊಂಡಿದ್ದು.”

“ಆಟಕ್ಕೆ ತಡವಾಗುತ್ತೆ ಅಂತಾನಾ ಸಾರ್?” ಎಂದು ಸಿಸ್ಟರ್ ಮೇಲಿನಿಂದಲೇ ಕೂಗಿದಳು. ಸಹಿರಾಯನ ಕಿವಿ ಕೆಂಪಾಯಿತು. ಆದರೂ ಒಳಗೊಳಗೆ ಏನೋ ಹಗುರಾಗಿತ್ತು. ಇನ್ನು ಹೀಗೆ ಮಾಡಲಾರೆ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತ್ತು.

ಆಗ, ಮೊದಲು ಕಂಬಿ ಹಿಡಿದು ಹತ್ತುತ್ತಿದ್ದ ಹೆಂಗಸು ಮೇಲಿನಿಂದ ಇಳಿದು ಬಂದರು. ಪಾಠ ಇನ್ನೂ ಬಿಸಿಯಾಗಿತ್ತಲ್ಲ, ಸಹಿರಾಯ ಓಡಿಹೋಗಿ ಅವರ ಕೈ ಹಿಡಿದು ಕೊನೆಯ ನಾಲ್ಕು ಮೆಟ್ಟಿಲು ಇಳಿಸಿದ. “ನಿಧಾನ ಅಮ್ಮ. ಹೋಗಿಬನ್ನಿ.” ಆಕೆ ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಯಾವುದಕ್ಕೋ ಕಾದು, ಆಮೇಲೆ ಹೊರಟುಹೋದರು.

“ನೋಡಿ, ಕಲಿತುಬಿಟ್ರು!” ಎಂದರು ಮೇಡಂ. “ಇನ್ನು ಭಯ ಇಲ್ಲ ಬಿಡಿ. ನಿಜವಾದ ಒಂಬತ್ತನೇ ನಂಬರಿನವರಿಗೂ ಬನ್ನಿ ಅಂದಿದ್ದೀನಿ. ಎಷ್ಟೋ ಬೇಡಿಕೊಂಡ ಮೇಲೆ ಒಪ್ಪಿದ್ರು. ಹನ್ನೊಂದಕ್ಕೆ ಬರ್ತಾರೆ.”

ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು.

ಸಹಿರಾಯ ಗೇಟಿನ ತನಕ ಓಡಿದ. ಬಸ್ಸೊಂದು ಹೊರಟಿತ್ತು, ರಸ್ತೆ ಖಾಲಿ. ವಾಪಸ್ ಮೂರು ಮಹಡಿ ಹತ್ತಿ ಬರುವಷ್ಟರಲ್ಲಿ ಅವನ ಮಂಡಿಯೇ ನೋಯತೊಡಗಿತ್ತು.

ಎಲ್ಲರೂ ಕೆಳಗಿಳಿದಿದ್ದಾಗ ಖಾಲಿ ಬಿದ್ದಿದ್ದ ಕೋಣೆಯಲ್ಲಿ ರಿಜಿಸ್ಟರ್ ತೆರೆದೇ ಇತ್ತು. ಒಂಬತ್ತನೇ ಸಾಲಿನಲ್ಲಿ, ಅವನ ಅಕ್ಷರಕ್ಕೆ ಎಡಗಡೆ, ದುಂಡಗಿನ ಬೇರೆ ಕೈಬರಹದಲ್ಲಿ ಒಂದು ಪದ ಸೇರಿಕೊಂಡಿತ್ತು. ಈಗ ಅಲ್ಲಿ ‘ನಿಮಗೆ ಆಸಕ್ತಿ ಇಲ್ಲ’ ಎಂದಿತ್ತು. ಕೆಳಗೆ ಆಕೆಯ ಪೂರ್ತಿ ಹೆಸರು, ಪಕ್ಕದಲ್ಲಿ ಯಾರೂ ಕೇಳದೆಯೇ ಹಾಕಿದ ಸಹಿ. ಆ ಹೆಸರನ್ನು ಅವನು ಮೊದಲ ಸಲ ಓದಿದ. ನಾಚಿಕೆಯಿಂದ ಮೈ ಮುದುಡಿತು.

ಸಂಜೆ ಐದರವರೆಗೆ ಯಾರೂ ಬರಲಿಲ್ಲ. ಮೇಡಂ ಪರೀಕ್ಷೆ ಮುಚ್ಚುವ ಕಾಗದ ಬರೆಯಲು ಕೂತರು. ಸಹಿರಾಯ ಎದುರಿನ ಕುರ್ಚಿಯಲ್ಲಿ ಕೂತು, “ಮೇಡಂ, ನಾನೇ ಅವರ ಮನೆಗೆ ಹೋಗಿ…” ಎಂದು ಶುರುಮಾಡಿದ. ಮೇಡಂಗೆ ಆರು ಗಂಟೆಯ ರೈಲು ಹಿಡಿಯಬೇಕಿತ್ತು.

ಅವರು ತಲೆ ಎತ್ತದೆ ಕಾಗದವನ್ನು ಮುಂದೆ ತಳ್ಳಿದರು.

“ಇಲ್ಲೊಂದು ಸಹಿ,” ಎಂದರು.