ಎದುರುಮನೆ ಲಾರಿಯ ಟಕಟಕ

ನಮ್ ಎದುರುಮನೆ ಅಣ್ಣನ ಹತ್ರ ಒಂದು ಹಳೇ ಲಾರಿ ಇದೆ. ಅದು ರಾಮಮೂರ್ತಿ ನಗರದ ನಮ್ ಬೀದೀಲಿ ನಿಂತಿರೋವರ್ಗೂ ಏನಾದ್ರೊಂದು ಆಗ್ತಾನೇ ಇರುತ್ತೆ, ನಾನು ಬೇಡ ಅಂದ್ರೂ ನಂಗೆ ಕಾಣಿಸ್ತಾನೇ ಇರುತ್ತೆ. ನಾನೇನೂ ಇಣುಕಿ ನೋಡೋಳಲ್ಲ. ನಮ್ ಅಡಿಗೆಮನೆ ಕಿಟಕಿ ಆ ಕಡೆಗಿದೆ, ಅದು ಮನೆ ಕಟ್ಟಿಸಿದೋರ ತಪ್ಪು.

ನಾನು ಓದಿರೋದು ಆರನೇ ಕ್ಲಾಸು. ಆದ್ರೆ ಆ ಲಾರಿ ದೆಸೆಯಿಂದ ಟ್ಯಾಪೆಟ್ಟು, ಕ್ಲಚ್ ಪ್ಲೇಟು, ಗೇರ್ ಬಾಕ್ಸು ಎಲ್ಲಾ ಪಾತ್ರೆ ತಿಕ್ತಾ ತಿಕ್ತಾನೇ ಕಲ್ತ್ಕೊಂಡೆ. ಲಾರಿಗೆ ಎರಡು ಕಾಯ್ಲೆ. ಇಂಜಿನ್‌ನಲ್ಲಿ ಟಕಟಕ ಅಂತ ಒಂದು ಸೌಂಡು, ಅದು ಸಾಲ್ದು ಅಂತ ಗೇರೂ ಸರಿಯಾಗಿ ಬೀಳಲ್ಲ. ಅಣ್ಣಂಗೆ ಆ ಲಾರಿ ಅಂದ್ರೆ ಪ್ರಾಣ. ಅವರ ಹೆಂಡ್ತಿ, ನಮ್ ಅಕ್ಕಂಗೆ, ಅದನ್ನ ಕಂಡ್ರೆ ಆಗಲ್ಲ. ಒಂದಿನ ಅಕ್ಕ ಗೇಟಲ್ಲಿ ನಿಂತ್ಕೊಂಡು ಬೀದಿಗೆಲ್ಲಾ ಕೇಳೋ ಹಂಗೆ ಹೇಳ್ಬಿಟ್ರು.

"ನೋಡ್ರೀ, ಈ ತಿಂಗ್ಳು ಮುಗಿಯೋದ್ರೊಳ್ಗೆ ಆ ಸೌಂಡ್ ನಿಲ್ಬೇಕು, ಗೇರ್ ಬೀಳ್ಬೇಕು. ಇಲ್ಲಾಂದ್ರೆ ಶಿವಾಜಿನಗರದ ಗುಜರಿಯವ್ನ ನಾನೇ ಕರೆಸ್ತೀನಿ. ತೂಕಕ್ಕೆ ಹಾಕ್ಬಿಡ್ತೀನಿ."

"ಬೇಕಾದ್ರೆ ನನ್ನನ್ನ ಹಾಕು, ಅದನ್ನ ಹಾಕ್ಬೇಡ" ಅಂದ್ರು ಅಣ್ಣ.

"ನಿಮ್ಮನ್ನ ಯಾವ ಗುಜರಿಯವ್ನು ತಗೋತಾನೆ?"

ಅಲ್ಲಿಂದ ಶುರುವಾಯ್ತು.

೧. ಬಾನೆಟ್ ಎತ್ತಿದ್ರೆ ಎಲ್ರೂ ಡಾಕ್ಟ್ರೇ

ಭಾನುವಾರ ಬೆಳಿಗ್ಗೆ ಅಣ್ಣ ಬಾನೆಟ್ ಎತ್ತಿದ್ರು. ಬಾನೆಟ್ ಎತ್ತಿದ್ರೆ ಸಾಕು, ನಮ್ ಬೀದಿ ಗಂಡಸ್ರಿಗೆ ಅದೆಲ್ಲಿಂದ ಬಿಡುವು ಬರುತ್ತೋ ಗೊತ್ತಿಲ್ಲ. ಮನೇಲಿ ಬಲ್ಬ್ ಬದಲಾಯ್ಸಿ ಅಂದ್ರೆ ಸೊಂಟ ಹಿಡ್ಕೊಳ್ಳೋರೆಲ್ಲಾ ಬಂದು, ಕೈ ಹಿಂದೆ ಕಟ್ಕೊಂಡು, ಇಂಜಿನ್ ಒಳ್ಗೆ ಬಗ್ಗಿ ನಿಂತ್ರು.

ಮಂಡಿ ಆಪರೇಷನ್ ಮಾಡಿಸ್ಕೊಂಡಿರೋ ಮೂಲೆಮನೆ ಯಜಮಾನ್ರು, "ಇದು ಸವೆತ ಕಣ್ರೀ. ಒಳ್ಗೆ ಜಾಯಿಂಟು ಸವ್ದಿದೆ, ಅದಕ್ಕೇ ಟಕಟಕ" ಅಂದ್ರು.

ಊಟ ಆದ್ಮೇಲೆ ಪಕ್ಕದ್ ಬೀದಿವರ್ಗೂ ಕೇಳೋ ಹಂಗೆ ತೇಗೋ ಮಹಡಿಮನೆಯವ್ರು, "ಸವೆತ ಅಲ್ಲ ಸ್ವಾಮಿ, ಗ್ಯಾಸು. ಹೊರಗ್ ಹೋಗಕ್ಕೆ ದಾರಿ ಇಲ್ದೆ ಒಳ್ಗೇ ಹೊಡ್ಕೊಳ್ತಿದೆ" ಅಂದ್ರು.

ಬೀಪಿ ಮಾತ್ರೆ ನುಂಗೋ ದಿನಸಿ ಅಂಗ್ಡಿಯವ್ರು ಸುಮ್ನೆ ತಲೆ ಆಡ್ಸಿ, "ಪ್ರೆಷರ್ರು" ಅಂದ್ರು.

ಅಣ್ಣ ಪಾಪ ಮೂರಕ್ಕೂ ಹೂಂ ಹೂಂ ಅಂತಿದ್ರು. ಅಕ್ಕ ಬಾಗ್ಲಲ್ಲಿ ನಿಂತು ಎಲ್ಲಾ ಕೇಳಿಸ್ಕೊಂಡು ಅಂದ್ರು:

"ನಿಮ್ಗಳ ಕಾಯ್ಲೆ ಎಲ್ಲಾ ನಮ್ ಲಾರಿಗೂ ಇದೆ ಅನ್ನಿ. ಪೈಲ್ಸ್ ಇರೋರು ಯಾರೂ ಬಂದಿಲ್ವಾ? ಹಿಂದ್ಗಡೆ ಸೈಲೆನ್ಸರ್ರೂ ಸ್ವಲ್ಪ ನೋಡಿಸ್ಬೇಕಿತ್ತು."

೨. ಭಾಯ್ ಕಿವಿ

ಇವರನ್ನ ನಂಬ್ಕೊಂಡ್ರೆ ಆಗಲ್ಲ ಅಂತ ಅಣ್ಣ ಶಿವಾಜಿನಗರದಿಂದ ಮೆಕ್ಯಾನಿಕ್ ಭಾಯ್‌ನ ಕರೆಸಿದ್ರು. ಭಾಯ್ ಹಳೇ ಕೈ. ಮೊಳದುದ್ದ ಸ್ಕ್ರೂಡ್ರೈವರ್ ತುದೀನ ಓಡ್ತಿರೋ ಇಂಜಿನ್ ಮೇಲಿಟ್ಟು, ಹಿಡೀನ ಕಿವಿಗೆ ಒತ್ಕೊಂಡು, ಕಣ್ ಮುಚ್ಕೊಂಡ್ರೆ ಆಯ್ತು. ಡಾಕ್ಟ್ರು ಎದೆ ಮೇಲೆ ಟೆಥಸ್ಕೋಪು ಇಟ್ಟ ಹಂಗೇನೇ. ಎಲ್ಲಿಂದ ಸೌಂಡು ಅಂತ ಕರೆಕ್ಟಾಗಿ ಹೇಳ್ತಾರೆ.

ಆವತ್ತೂ ಹಂಗೇ ಕಣ್ ಮುಚ್ಚಿದ್ರು. ಒಳಗಡೆ ಅಕ್ಕ, "ಬಂದ ಇನ್ನೊಬ್ಬ, ಇವನೇನ್ ಕಿಸೀತಾನೋ" ಅಂತ ಪಾತ್ರೆ ಕುಕ್ತಾ ಇದ್ರು. ಭಾಯ್ ಐದು ನಿಮಿಷ ಅಲ್ಲಾಡ್ಲಿಲ್ಲ.

ಅಣ್ಣ ಉಸಿರು ಹಿಡ್ಕೊಂಡು, "ಏನ್ ಕೇಳಿಸ್ತು ಭಾಯ್?" ಅಂದ್ರು.

"ಎರಡು ಸೌಂಡ್ ಐತೆ. ಒಂದು ಟ್ಯಾಪೆಟ್ಟು. ಅದನ್ನ ನಾನು ಸೆಟ್ ಮಾಡ್ತೀನಿ. ಇನ್ನೊಂದು ಅಡಿಗೆಮನೆಯಿಂದ ಬರ್ತಾ ಐತೆ. ಅದು ಗ್ಯಾರೇಜ್ ಕೆಲ್ಸ ಅಲ್ಲ."

೩. ವಾಟ್ಸಾಪ್‌ನಲ್ಲಿ ನಾನು

ಭಾಯ್ ಟ್ಯಾಪೆಟ್ ಸರಿ ಮಾಡಿ ಹೋದ್ರು. ಮೂರು ದಿನ ಸೌಂಡ್ ಇಲ್ಲ. ನಾಲ್ಕನೇ ದಿನ ಮತ್ತೆ ಟಕಟಕ. ಭಾಯ್ ಬಂದ್ರೆ ಸೌಂಡ್ ನಾಪತ್ತೆ, ಭಾಯ್ ಬೀದಿ ತಿರುವು ದಾಟಿದ್ರೆ ಹಾಜರು. ನೆಂಟ್ರ ಮುಂದೆ ಮಾತ್ರ ಒಳ್ಳೇವಾಗೋ ಮಕ್ಳಿರ್ತಾವಲ್ಲ, ಆ ಜಾತಿ ಲಾರಿ. ಮೂರ್ ಸಲ ಬಂದು ಸುಸ್ತಾಗಿ ಭಾಯ್, "ನಂಗೆ ಆಗಲ್ಲ ಅಣ್ಣಾ. ಸೌಂಡ್ ಬಂದಾಗ ಫೋನಲ್ಲಿ ರೆಕಾರ್ಡ್ ಮಾಡಿ ಕಳ್ಸಿ" ಅಂದ್ರು.

ಅಣ್ಣ ಮಾರನೇ ದಿನ ಇಂಜಿನ್ ಆನ್ ಮಾಡಿ, ಫೋನ್ ಹಿಡ್ಕೊಂಡು ಎರಡು ನಿಮಿಷ ರೆಕಾರ್ಡ್ ಮಾಡಿದ್ರು. ಕೇಳಿಸ್ಕೊಂಡೂ ನೋಡ್ದೆ ಭಾಯ್‌ಗೆ ಕಳ್ಸಿದ್ರು. ಅದೇ ಹೊತ್ತಲ್ಲಿ ನಾನು ಕಾಂಪೌಂಡ್ ಹತ್ರ ಹೂವಿನವಳ ಜೊತೆ ಏನೋ ಎರಡು ಮಾತಾಡ್ತಿದ್ದೆ. ಇಂಜಿನ್ ಸದ್ದಿಗೆ ಕೇಳ್ಬೇಕಲ್ಲ, ಸ್ವಲ್ಪ ಜೋರಾಗೇ ಮಾತಾಡಿದ್ದೆ ಅನ್ಸುತ್ತೆ.

ಹತ್ತು ನಿಮಿಷಕ್ಕೆ ಭಾಯ್ ಫೋನು. ಅಣ್ಣ ಸ್ಪೀಕರ್‌ಗೆ ಹಾಕಿದ್ರು.

"ಟ್ಯಾಪೆಟ್ ಅಲ್ಲ ಅಣ್ಣಾ. ಈ ಸಲ ಗೇರ್ ಬಾಕ್ಸ್ ಕಡೆ ಹೊಡೀತಾ ಐತೆ. ಆಮೇಲೆ ಅಲ್ಲಿ ಒಬ್ರು ಅಕ್ಕ, ಭಾಯ್ ಮುಟ್ಟಿದ ಗಾಡೀಲೆಲ್ಲಾ ಮೂರು ನಟ್ಟು ಮಿಸ್ಸಿಂಗ್ ಅಂತಾವ್ರೆ. ಅವ್ರಿಗೆ ಹೇಳ್ಬಿಡಿ, ಮೂರಲ್ಲ. ಎರಡೇ."

೪. ಸ್ಟೇರಿಂಗ್ ಯಾರ್ದು, ಗೇರ್ ಯಾರ್ದು

ಇದನ್ನ ಅಕ್ಕಾನೇ ನಂಗೆ ಹೇಳಿದ್ದು. ಯಾರ್ಗೂ ಹೇಳ್ಬೇಡ ಅಂದಿದ್ರು, ಅದಕ್ಕೇ ಚೆನ್ನಾಗಿ ನೆನಪಿದೆ.

ಅಷ್ಟೊತ್ತಿಗೆ ಲಾರಿ ಮೂರನೇ ಗೇರು ಕೈ ಬಿಟ್ಟ ತಕ್ಷಣ ಎಗರಿ ನ್ಯೂಟ್ರಲ್‌ಗೆ ಬಂದ್ಬಿಡ್ತಿತ್ತು. ರಿವರ್ಸ್ ಅಂತೂ ಬೀಳ್ತಾನೇ ಇರ್ಲಿಲ್ಲ. ಒಂದಿನ ಅಣ್ಣ ಗರುಡಾಚಾರ್‌ಪಾಳ್ಯಕ್ಕೆ ಲೋಡ್ ತಗೊಂಡು ಹೊರಟ್ರು. ಅಲ್ಲೇ ಅಕ್ಕನ ತಂಗಿ ಮನೆ, ಅಕ್ಕಾನೂ ಹತ್ತಿದ್ರು. ಬಸ್ ಟಿಕೆಟ್ ಉಳೀತು ಅಂತ ಹತ್ತಿದ್ದಕ್ಕೆ ಅಣ್ಣ ಕೆಲ್ಸ ಕೊಟ್ರು: ಮೂರನೇ ಗೇರ್ ಹಾಕಿದ ಕೂಡ್ಲೇ ರಾಡನ್ನ ಎರಡೂ ಕೈಲಿ ಅಮುಕಿ ಹಿಡ್ಕೋಬೇಕು.

ಕೆ.ಆರ್. ಪುರ ತೂಗುಸೇತುವೆ ಹತ್ರ ಟ್ರಾಫಿಕ್ ಪೊಲೀಸ್ನೋರು ಕೈ ಅಡ್ಡ ಹಾಕಿದ್ರು. ನೋಡಿದ್ರೆ ಒಳಗೆ ಗಂಡ ಸ್ಟೇರಿಂಗ್ ಹಿಡ್ದಿದಾನೆ, ಹೆಂಡ್ತಿ ಗೇರ್ ರಾಡ್ ತಬ್ಕೊಂಡು ಕೂತಿದಾಳೆ.

"ಯಾರ್ರೀ ಗಾಡಿ ಓಡಿಸ್ತಿರೋದು?"

"ನಾನೇ ಸಾರ್."

"ಮತ್ತೆ ಗೇರು?"

"ಗೇರು ಅವಳ್ದು ಸಾರ್."

"ನನ್ ಕೈ ಬಿದ್ದೋಗ್ತಿದೆ, ಬೇಗ ಕೇಳಿ ಸಾರ್" ಅಂದ್ರು ಅಕ್ಕ.

ಪೊಲೀಸ್ನೋರು ಒಂದು ಸುತ್ತು ಬಂದು ಲಾರಿ ನೋಡಿದ್ರು. "ಸರಿ, ರಿವರ್ಸ್ ತಗೊಂಡು ಸೈಡಿಗೆ ಹಾಕಿ."

"ರಿವರ್ಸ್ ಬೀಳಲ್ಲ ಸಾರ್."

"ಎಷ್ಟು ದಿನದಿಂದ?"

ಅಕ್ಕ ತಮ್ಮನ್ನೇ ಕೇಳಿದ್ದು ಅನ್ಕೊಂಡು, "ಇಪ್ಪತ್ತೆರಡು ವರ್ಷ ಆಯ್ತು ಸಾರ್, ಮದುವೆ ಆಗಿ" ಅಂದ್ರಂತೆ.

ಪೊಲೀಸ್ನೋರು ನಿಟ್ಟುಸಿರು ಬಿಟ್ಟು, "ನಮ್ದೂ ಬೀಳಲ್ಲಮ್ಮಾ. ಹೋಗಿ" ಅಂದ್ಬಿಟ್ರಂತೆ.

೫. ಸತ್ತಂ

ತಿಂಗಳ ಕೊನೇ ದಿನ ಬಂತು. ಅಕ್ಕ ಗುಜರಿಯವ್ನ ನಂಬರ್ ಬರ್ದು ಫ್ರಿಜ್ಜಿಗೆ ಅಂಟಿಸಿದ್ರು. ಅಣ್ಣ ಬೆಳಿಗ್ಗೇನೇ ಲಾರೀನ ಹಲಸೂರಿಗೆ ತಗೊಂಡ್ ಹೋದ್ರು. ಅಲ್ಲಿ ಗೇರ್ ಬಾಕ್ಸ್ ಬಿಚ್ಚೋದ್ರಲ್ಲಿ ಹೆಸರುವಾಸಿಯಾದ ಒಬ್ರು ತಾತ ಇದಾರೆ. ತಮಿಳು ತಾತ, ಕನ್ನಡ ಚೆನ್ನಾಗೇ ಮಾತಾಡ್ತಾರೆ. ಆದ್ರೆ ಸೌಂಡಿಗೆ ಮಾತ್ರ ತಮಿಳಲ್ಲಿ 'ಸತ್ತಂ' ಅಂತಾನೇ ಅನ್ನೋದು. ಅಕ್ಕನ ತವರು ಚನ್ನರಾಯಪಟ್ಟಣದ ಕಡೆ, ಒಂದಕ್ಷರ ತಮಿಳು ಬರಲ್ಲ.

ಮಧ್ಯಾಹ್ನ ಅಕ್ಕ ಅಣ್ಣಂಗೆ ಫೋನ್ ಮಾಡಿದ್ರು. ಅಣ್ಣನ ಕೈಯೆಲ್ಲಾ ಗ್ರೀಸು, ತಾತ ಎತ್ತಿದ್ರು.

"ನಮ್ಮನೆಯವ್ರು ಎಲ್ಲಿ?"

"ಲಾರಿ ಕೆಳಗೆ ಇದಾರಮ್ಮಾ. ಸತ್ತಂ ಮ್ಮಾ, ಒರೇ ಸತ್ತಂ!"

"ಏನಂದ್ರೀ?" ಅಂತ ಅಕ್ಕ ಅಳಕ್ಕೆ ಶುರು ಮಾಡಿದ್ರು.

"ಏನ್ ಮಾಡೋದಮ್ಮಾ, ವಯಸ್ಸಾಗಿತ್ತಲ್ಲ. ಬಿಚ್ಚಿ ನೋಡಿದ್ವಿ, ಒಳ್ಗೆ ಏನೂ ಉಳ್ದಿಲ್ಲ. ನೀವು ಅಳ್ಬೇಡಿ, ಸಂಜೆ ಮನೆಗೆ ತರ್ತೀವಿ."

ಅಷ್ಟಕ್ಕೆ ತಾತನ ಕೈಯಿಂದ ಫೋನ್ ಜಾರಿ ಆಯಿಲ್ ಟಬ್ಬಿಗೆ ಬಿತ್ತು. ಅಕ್ಕ ತಿರುಗಿ ಮಾಡಿದ್ರೆ ಸ್ವಿಚ್ ಆಫ್.

ನಂಗೆ ತಮಿಳು ಬರುತ್ತೆ. ಅಕ್ಕ ಬಂದು "ಸತ್ತಂ ಅಂದ್ರು" ಅಂದಿದ್ರೆ ಅಲ್ಲೇ ಮುಗ್ದೋಗ್ತಿತ್ತು. ಆದ್ರೆ ಅಕ್ಕ ಎದೆ ಬಡ್ಕೊಂಡು ಓಡಿ ಬಂದು, "ಲಾರಿ ಕೆಳಗೆ ಸಿಕ್ಕಿ ಹೋಗ್ಬಿಟ್ರಂತೆ ಕಣೇ! ಬಿಚ್ಚಿ ನೋಡಿದ್ರೆ ಒಳ್ಗೆ ಏನೂ ಉಳ್ದಿಲ್ವಂತೆ! ಆ ಮನುಷ್ಯ ಸತ್ತ ಅಂತ ಏಕವಚನದಲ್ಲಿ ಅಂದ್ನಲ್ಲೇ! ಸತ್ತೋದ್ರು ಅಂತಾದ್ರೂ ಅನ್ಬಾರ್ದಾ?" ಅಂದ್ರು.

"ಬಿಚ್ಚಿ ನೋಡಿದ್ರಂತಾ? ಹಂಗಾದ್ರೆ ಪೋಸ್ಟ್ ಮಾರ್ಟಮ್ಮೂ ಆಗೋಯ್ತು" ಅಂದೆ ನಾನು. ಈಗ ಎಲ್ರೂ ನನ್ನನ್ನ ಬೈತಾರೆ, ಸರೀನಾ? ನಾನು ಹೇಳಿದ್ದು ಬರೀ ಇಬ್ರಿಗೆ. ಅವರಿಬ್ರೂ ಎಲ್ಲಾರ್ಗೂ ಹೇಳೋರು ಅನ್ನೋದು ನನ್ ತಪ್ಪಾ?

ಅರ್ಧ ಗಂಟೇಲಿ ಶಾಮಿಯಾನ ಬಂತು, ಪ್ಲಾಸ್ಟಿಕ್ ಕುರ್ಚಿ ಬಂತು. ಹೂವಿನವಳು ಆಳೆತ್ತರದ ಹಾರ ಕಟ್ಕೊಂಡು ಬಂದ್ಲು. ಇಬ್ರು ಸ್ಕೂಟ್ರಲ್ಲಿ ಹಲಸೂರಿಗೆ ಹೊರಟು ಟಿನ್ ಫ್ಯಾಕ್ಟ್ರಿ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ್ರು. ಸಂಜೆ ಐದರ ಹೊತ್ತಿಗೆ ಬೀದಿ ತುಂಬಾ ಜನ. ಎಲ್ರೂ ಅಕ್ಕನ ಸುತ್ತ ನಿಂತಿದ್ವಿ, ರಸ್ತೆಗೆ ಬೆನ್ನು ಹಾಕ್ಕೊಂಡು.

ಅಕ್ಕ ಅಳ್ತಾ ಅಳ್ತಾ ಕೈ ಮೇಲೆತ್ತಿ, "ಅಯ್ಯೋ ದೇವ್ರೇ, ಆ ಲಾರಿಗೋಸ್ಕರ ಎಷ್ಟ್ ಬೈದ್ಬಿಟ್ಟೆ! ಒಂದೇ ಒಂದ್ಸಲ ಎದ್ದು ಬನ್ರೀ. ನನ್ ಜೀವ ಇರೋವರ್ಗೂ ಆ ಲಾರಿ ಮಾರಿ ಅಂತ ಬಾಯಿ ಬಿಡಲ್ಲ. ನಿಮ್ಮಾಣೆ, ನಮ್ಮಪ್ಪನಾಣೆ, ಇಲ್ಲಿರೋರೆಲ್ಲಾರ್ ಆಣೆ!" ಅಂದ್ರು.

ಹಿಂದ್ಗಡೆಯಿಂದ ಒಂದು ದನಿ ಬಂತು.

"ಎಲ್ರೂ ಕೇಳಿಸ್ಕೊಂಡ್ರಲ್ಲಾ? ಆಮೇಲೆ ಇಲ್ಲ ಅನ್ಬಾರ್ದು."

ತಿರುಗಿ ನೋಡಿದ್ರೆ ಮೈಯೆಲ್ಲಾ ಗ್ರೀಸ್ ಮೆತ್ಕೊಂಡು ಅಣ್ಣ! ಅವರ ಹಿಂದೆ ಲಾರಿ, ಲಾರಿ ಸೀಟಲ್ಲಿ ತಾತ. ಅಕ್ಕ ಕಿರ್‌ರ್ ಅಂತ ಕಿರುಚಿ ನನ್ ಮೇಲೇ ಬಿದ್ರು. ಮೂಲೆಮನೆ ಯಜಮಾನ್ರು ಆಪರೇಷನ್ ಆಗಿರೋ ಮಂಡೀಲೇ ಗೇಟ್ ಹಾರಿದ್ರು.

"ಅಯ್ಯೋ, ಸತ್ತಂ ಅಂದೆ ಮ್ಮಾ! ಒರೇ ಸತ್ತಂ ಅಂದ್ರೆ ಬರೀ ಸೌಂಡು, ಸೌಂಡು!" ಅಂತ ತಾತ ಸೀಟಿಂದಾನೇ ಕೂಗ್ತಿದ್ರು.

ಗಲಾಟೆ ಸ್ವಲ್ಪ ಇಳಿದ್ಮೇಲೆ ನಾನು ಕೇಳ್ದೆ, "ಅಣ್ಣಾ, ಲಾರಿ ಬಂದಿದ್ದೇ ಗೊತ್ತಾಗ್ಲಿಲ್ಲ. ಅಂತೂ ಸೌಂಡ್ ನಿಂತೋಯ್ತು ಅನ್ನಿ. ತಾತ ಏನ್ ರಿಪೇರಿ ಮಾಡಿದ್ರು?"

ಅಣ್ಣ ತಲೆ ಕೆರ್ಕೊಂಡ್ರು. "ರಿಪೇರಿ ಏನೂ ಆಗ್ಲಿಲ್ಲ. ಬಿಚ್ಚಿದ್ದನ್ನ ಹಂಗೇ ಜೋಡ್ಸಿ ಹೆಂಗೋ ಓಡಿಸ್ಕೊಂಡ್ ಬಂದ್ವಿ. ಬೀದಿ ಮೇಲ್ತುದೀಲಿ ಇಂಜಿನ್ನೇ ನಿಂತೋಯ್ತು. ಇಳಿಜಾರಲ್ಲಿ ನ್ಯೂಟ್ರಲ್‌ನಲ್ಲಿ ಜಾರ್ಕೊಂಡು ಬಂದ್ವಿ."

ಬೀದಿಗೆ ಬೀದಿ ಅಕ್ಕನ ಮುಖ ನೋಡ್ತು. ಆಣೆ ಇಟ್ಟಾಗಿದೆ, ಅದೂ ಅಷ್ಟು ಜನದ ಮುಂದೆ. ಅಕ್ಕ ಕಣ್ಣು ಒರೆಸ್ಕೊಂಡ್ರು, ಮೂಗು ಒರೆಸ್ಕೊಂಡ್ರು, ಸೆರಗು ಸಿಕ್ಕಿಸ್ಕೊಂಡ್ರು. ಹೂವಿನವಳ ಕೈಯಿಂದ ಆ ಆಳೆತ್ತರದ ಹಾರ ಕಿತ್ಕೊಂಡ್ರು. ಅಣ್ಣ ಹಲ್ಲು ಬಿಟ್ಕೊಂಡು ಕತ್ತು ಬಗ್ಗಿಸಿದ್ರು.

ಅಕ್ಕ ಅಣ್ಣನ್ನ ದಾಟ್ಕೊಂಡು ಹೋಗಿ ಹಾರಾನ ಲಾರಿ ಮೂತಿಗೆ ಹಾಕಿದ್ರು.

"ನೀವ್ ಯಾಕ್ರೀ ಬಗ್ತೀರಾ? ಯಾರು ಸತ್ತಿದಾರೋ ಅವ್ರಿಗೆ ಹಾಕ್ಬೇಕು."