ರೆಕಾರ್ಡ್ ಪ್ಲೇಯರಿನ ಗಾಂಭೀರ್ಯ

ಸಂಗೀತ ಕೇಳಲು ಬಾರದವರು ಈ ಊರಿನಲ್ಲಿ ಎಷ್ಟು ಮಂದಿ ಇದ್ದಾರೆಂದು ತಿಳಿಯಬೇಕಾದರೆ ಮನೆಗೆ ಒಂದು ರೆಕಾರ್ಡ್ ಪ್ಲೇಯರ್ ತಂದಿಟ್ಟುಕೊಳ್ಳಬೇಕು. ಅಲ್ಲಿಯವರೆಗೆ ಎಲ್ಲರೂ ರಸಿಕರೇ. ನಿವೃತ್ತನಾದ ವರ್ಷ ನಾನು ಒಂದನ್ನು ತಂದೆ. ಅದಾಗಿ ಆರು ವರ್ಷ. ರಾಜಾಜಿನಗರದ ನಮ್ಮ ಹಜಾರಕ್ಕೆ ಈ ಆರು ವರ್ಷಗಳಲ್ಲಿ ಬಂದು ಹೋದವರಲ್ಲಿ ರೆಕಾರ್ಡನ್ನು ಸರಿಯಾಗಿ ಹಿಡಿಯಬಲ್ಲ ಒಬ್ಬರನ್ನೂ ನಾನು ಕಾಣೆ. ರೆಕಾರ್ಡನ್ನು ಎರಡು ಅಂಗೈಗಳ ನಡುವೆ, ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಬಂದವರು ಹಿಡಿಯುವುದು ದೋಸೆ ಹಿಡಿದಂತೆ. ಬೋಂಡ ತಿಂದ ಹೆಬ್ಬೆರಳನ್ನು ನೇರವಾಗಿ ಗೆರೆಗಳ ಮೇಲೆ ಊರಿ, "ಓ, ಇದೆಲ್ಲಾ ಇನ್ನೂ ಸಿಗುತ್ತಾ ಸಾರ್?" ಎಂದು ಕೇಳುತ್ತಾರೆ. ಸಿಗುತ್ತದೆ. ನಿಮ್ಮಂಥವರ ಕೈಯಿಂದ ತಪ್ಪಿಸಿಕೊಂಡದ್ದು ಮಾತ್ರ ಸಿಗುತ್ತದೆ.

ನನ್ನ ಭಾವಮೈದುನನದು ಇನ್ನೊಂದು ತರಹ. "ಭಾವ, ಇವೆಲ್ಲಾ ಫೋನಲ್ಲೇ ಬರ್ತವಲ್ಲ" ಎಂದು ಪ್ರತಿ ಸಲ ಹೇಳುತ್ತಾನೆ, ಹೊಸದೇನನ್ನೋ ಕಂಡುಹಿಡಿದವನ ಮುಖ ಮಾಡಿಕೊಂಡು. ಇನ್ನು ಬಸವೇಶ್ವರನಗರದಲ್ಲಿ ಒಂದು ಹೊಸ ಕಾಫಿ ಅಂಗಡಿಯಾಗಿದೆ. ಅಲ್ಲಿ ರೆಕಾರ್ಡುಗಳನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದಾರೆ. ನಡುವಿನ ತೂತು ಇರುವುದೇ ಮೊಳೆಗೆಂದು ಯಾರೋ ಅವರಿಗೆ ಹೇಳಿಕೊಟ್ಟಿರಬೇಕು. ಮೂಲೆಯಲ್ಲಿ ಒಂದು ಪ್ಲೇಯರ್ ನಿಜವಾಗಿಯೂ ತಿರುಗುತ್ತಿರುತ್ತದೆ, ಕೇಳುವವರು ಯಾರೂ ಇಲ್ಲ. ಹುಡುಗ ಹುಡುಗಿಯರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಝೂಗೆ ಹೋದವರು ಆನೆಯ ಪಕ್ಕ ನಿಲ್ಲುವಂತೆ.

ನಾನು ಹಾಗಲ್ಲ. ಮೂವತ್ತನಾಲ್ಕು ವರ್ಷ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇದ್ದವನು. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಹಾಕುವುದು ನನ್ನ ಕೆಲಸವಾಗಿತ್ತು. ಸಂಗೀತಕ್ಕೂ ಅದೇ ಶಿಸ್ತು. ಮಧ್ಯಾಹ್ನ ನಾಲ್ಕರಿಂದ ಐದು. ಒಂದು ರೆಕಾರ್ಡು, ಎರಡು ಬದಿ. ಮೊದಲು ಒಣ ಬಟ್ಟೆ, ಆಮೇಲೆ ಮುಳ್ಳು ಇಳಿಸುವುದು, ಆಮೇಲೆ ಮೌನ. ಭಾನುವಾರದ ಸಂತೆಯಲ್ಲಿ ಪ್ಲೇಯರ್ ಮಾರಿದವನು "ಅಮೆರಿಕದ ಮಾಲು ಸಾರ್, ನೂರಾಹತ್ತು ವೋಲ್ಟು, ಹಂಗೇ ಹಾಕ್ಬಿಟ್ರೆ ಸುಟ್ಟೋಗುತ್ತೆ" ಎಂದಿದ್ದ. ಬೇರೆಯವರಾಗಿದ್ದರೆ ಸುಟ್ಟುಕೊಳ್ಳುತ್ತಿದ್ದರು. ನಾನು ಅಂದೇ ವೋಲ್ಟು ಇಳಿಸುವ ಪೆಟ್ಟಿಗೆಯೊಂದನ್ನು ತಂದು ಜೋಡಿಸಿದೆ.

ಆಹಾ, ಅದರಲ್ಲಿ ಹೊಮ್ಮುತ್ತಿದ್ದ ನಾದ! ಘನವಾದ, ತೂಕದ, ಅವಸರವಿಲ್ಲದ ನಾದ. ನಾನು ಕೇಳುತ್ತಿದ್ದ ದೇವರನಾಮವನ್ನೇ ಭಾವಮೈದುನ ತನ್ನ ಫೋನಿನಲ್ಲಿ ಕೇಳಿಸಿದರೆ ಬಸ್ಸು ತಪ್ಪಿಹೋದೀತೆಂದು ಓಡುವವರ ಹಾಡಿನಂತಿರುತ್ತಿತ್ತು. "ಜಾಹೀರಾತಿಗೆ ಜಾಗ ಬೇಕಲ್ಲಪ್ಪ, ಅದಕ್ಕೇ ಹಾಡನ್ನ ಓಡಿಸ್ತಾರೆ" ಎಂದು ನಾನೇ ಅವನಿಗೆ ತಿಳಿಸಿಕೊಟ್ಟಿದ್ದೆ. ರೆಕಾರ್ಡಿನ ಕವರುಗಳ ಮೇಲೂ ತಪ್ಪುಗಳಿದ್ದವು. ಒಂದರ ಮೇಲೆ ಮೊದಲ ಬದಿ ಹದಿನೆಂಟು ನಿಮಿಷವೆಂದು ಅಚ್ಚಾಗಿತ್ತು. ನನ್ನ ಗಡಿಯಾರದಲ್ಲಿ ಇಪ್ಪತ್ತೊಂದೂವರೆ. ಅಚ್ಚು ಹಾಕಿದವರ ಬೇಜವಾಬ್ದಾರಿಯನ್ನು ಪೆನ್ಸಿಲಿನಲ್ಲಿ ತಿದ್ದಿಟ್ಟೆ. ಹೀಗೆ ಎಪ್ಪತ್ತು ಕವರುಗಳನ್ನು ತಿದ್ದಿದ್ದೇನೆ. ಎಪ್ಪತ್ತರಲ್ಲೂ ತಪ್ಪು ಒಂದೇ ಪ್ರಮಾಣದಲ್ಲಿದೆಯಲ್ಲ ಎಂಬುದು ಇನ್‌ಸ್ಪೆಕ್ಟರನಿಗೆ ಹೊಳೆಯಲಿಲ್ಲ. ಒಬ್ಬರು ತಪ್ಪು ಮಾಡಿದರೆ ಎಲ್ಲರೂ ಅದನ್ನೇ ಮಾಡುವ ದೇಶ ಇದು ಎಂದುಕೊಂಡೆ.

ಈಗ ನನ್ನ ಹೆಂಡತಿ ಸುಶೀಲೆಯ ವಿಷಯಕ್ಕೆ ಬರಬೇಕು. ನಮ್ಮ ರಸ್ತೆಯ ಕೊನೆಯ ಗಣಪತಿ ಗುಡಿಯಲ್ಲಿ ಶುಕ್ರವಾರ ಸಂಜೆ ಹೆಂಗಸರ ಭಜನೆ ನಡೆಯುತ್ತದೆ. ಅಲ್ಲಿ ಇಪ್ಪತ್ತು ವರ್ಷ ಹಾಡನ್ನು ಎತ್ತಿಕೊಡುತ್ತಿದ್ದವಳು ಸುಶೀಲೆಯೇ. ಅವಳು ಮೊದಲ ಸಾಲು ಹಾಡಿದರೆ ಉಳಿದವರು ಹಿಂದೆ ಬರುತ್ತಿದ್ದರು. ಮನೆಯಲ್ಲೂ ಹುರುಳಿಕಾಯಿ ಹೆಚ್ಚುವಾಗ, ಬಟ್ಟೆ ಮಡಿಸುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳನ್ನು ಪ್ಲೇಯರಿನ ಮುಂದೆ ಕೂರಿಸಿ, ಅವಳೇ ಹಾಡುವ ದೇವರನಾಮವನ್ನು ಕೇಳಿಸಿ, "ಇದು ಹಾಡುಗಾರಿಕೆ. ನಿನ್ನದು ಕೀರಲು ಕಣೇ, ಜೊತೆಗೆ ಆತುರ" ಎಂದೆ. ಪಾಪ, ಅವಳು ಆ ಶ್ರುತಿಗೆ ಇಳಿಯಲು ಪ್ರಯತ್ನಿಸಿದಳು. ಇಳಿಯಲಾರಳು; ಗಂಟಲು ಗೊರಗೊರ ಅನ್ನುತ್ತಿತ್ತು. ನಾನು ಪಕ್ಕದಲ್ಲಿ ಕೂತು "ಇನ್ನೂ ಕೆಳಗೆ, ಇನ್ನೂ ಕೆಳಗೆ" ಎನ್ನುತ್ತಿದ್ದೆ, ಲಾರಿ ಹಿಂದಕ್ಕೆ ತೆಗೆಸುವವನಂತೆ. ನಾಲ್ಕು ತಿಂಗಳಾದ ಮೇಲೆ ಅವಳು ಭಜನೆಯಲ್ಲಿ "ನನ್ನ ಗಂಟಲು ಹೋಯ್ತು, ವಯಸ್ಸಾಯ್ತು" ಎಂದು ಹೇಳಿ ಹಿಂದಿನ ಸಾಲಿಗೆ ಹೋಗಿ ತಾಳ ಹಿಡಿದು ಕೂತಳು. ಮನೆಯಲ್ಲೂ ಹಾಡು ನಿಂತಿತು. ಎರಡು ವರ್ಷ. ಅವಳು ತನ್ನ ಮಿತಿ ಅರಿತುಕೊಂಡಳೆಂದು ನಾನು ಮೆಚ್ಚಿಕೊಂಡಿದ್ದೆ.

ಮಹಡಿಯ ಬಾಡಿಗೆ ಮನೆಗೆ ಗದಗಿನ ರೇಣುಕಾ ಎಂಬ ಹುಡುಗಿ ಬಂದದ್ದು ಈ ವರ್ಷ. ವಿಜಯನಗರದ ಒಂದು ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಾಳೆ. ಹೋದ ತಿಂಗಳು ನೀರಿನ ಮೋಟರಿನ ಬೀಗದ ಕೈ ಕೇಳಲು ಬಂದವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಗಂಟೆ ನಾಲ್ಕೂಕಾಲು, ಮೌನದ ವೇಳೆ. ಆದರೂ ಮಾತಾಡಿದಳು.

"ಸರ್, ತಪ್ಪ ತಿಳ್ಕೋಬ್ಯಾಡ್ರಿ. ಇದು ಹಾಡಾಕತ್ತವ್ರು ಗಂಡಸರೇನ್ರಿ?"

"ಹೆಂಗಸರಮ್ಮ. ಕವರ್ ಮೇಲೆ ಫೋಟೋ ಇದೆ ನೋಡು."

ನೋಡಿದಳು. ಅಂಚಿನಲ್ಲೇ ಹಿಡಿದಿದ್ದಳು ಎಂಬುದನ್ನು ದಾಖಲಿಸಬೇಕು. "ಫೋಟೋದಾಗ ಹೆಣ್ಮಕ್ಕಳು ಅದಾರ್ರಿ. ಹಾಡಿನ್ಯಾಗ ಗಂಡಸರು ಅದಾರ್ರಿ."

ಅವಳು ನಗು ತಡೆದುಕೊಂಡು ತನ್ನ ಫೋನಿನಲ್ಲಿ ತಂಬೂರಿಯ ಶ್ರುತಿ ಹಾಕಿ, ಹಾಡಿಗೆ ಹೊಂದಿಸುತ್ತಾ ಕೆಳಕ್ಕೆ ಕೆಳಕ್ಕೆ ಇಳಿದು, "ಈ ಶ್ರುತಿಯಾಗ ಯಾವ ಹೆಣ್ಮಗಳೂ ಹಾಡಂಗಿಲ್ರಿ ಸರ್. ನಿಮ್ಮ ಮಷೀನು ನಿದ್ದಿಗಣ್ಣಾಗ ತಿರುಗಾಕತ್ತೈತಿ, ನೋಡ್ರಿ" ಎಂದು ಬೀಗದ ಕೈ ತೆಗೆದುಕೊಂಡು ಹೋದಳು.

ಇವತ್ತಿನ ಮಕ್ಕಳಿಗೆ ಗಾಂಭೀರ್ಯವೆಂದರೆ ಏನೆಂದು ಗೊತ್ತಿಲ್ಲ ಎಂದು ಗೊಣಗಿದೆ. ಗೊಣಗುತ್ತಲೇ ರೆಕಾರ್ಡಿನ ಕೆಳಗೆ ಒಂದು ಚೂರು ಕಾಗದ ಸಿಕ್ಕಿಸಿ, ಕೈಗಡಿಯಾರ ನೋಡುತ್ತಾ ಸುತ್ತು ಎಣಿಸಿದೆ. ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಬರಬೇಕು. ಇಪ್ಪತ್ತೆಂಟೂ ತುಂಬಲಿಲ್ಲ. ಮೂರು ಸಲ ಎಣಿಸಿದೆ. ಆಮೇಲೆ ತಿಳಿಯಿತು: ಅಮೆರಿಕದ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿಯುತ್ತದೆ, ನಮ್ಮದು ಐವತ್ತು. ಆ ಮೋಟರು ಮಿಡಿತಕ್ಕೆ ತಕ್ಕಂತೆ ತಿರುಗುವ ಜಾತಿಯದು. ನನ್ನ ಪೆಟ್ಟಿಗೆ ವೋಲ್ಟು ಇಳಿಸುತ್ತದೆ, ಮಿಡಿತ ಏರಿಸುವುದಿಲ್ಲ. ಮೂವತ್ತನಾಲ್ಕು ವರ್ಷ ಊರಿನವರದೆಲ್ಲ ಅಳೆದವನು ತನ್ನ ಮನೆಯ ಮೇಜಿನ ಮೇಲಿದ್ದ ಒಂದೇ ಒಂದು ಯಂತ್ರವನ್ನು ಅಳೆದಿರಲಿಲ್ಲ.

ಮೋಟರಿನ ತುದಿಯ ರಾಟೆಯನ್ನು ಐದನೇ ಒಂದು ಪಾಲು ದಪ್ಪ ಮಾಡಿದರೆ ವೇಗ ಸರಿಹೋಗುತ್ತದೆ. ಅಷ್ಟು ಸಣ್ಣ ಕೆಲಸವನ್ನು ಸರಿಯಾಗಿ ಮಾಡಬಲ್ಲವನು ನಮ್ಮ ಕಾರ್ಖಾನೆಯ ಹಳೆಯ ಟರ್ನರ್ ಶಿವಣ್ಣ. ಲಗ್ಗೆರೆಯಲ್ಲಿ ಲೋಹ ಕಡೆಯುವ ಒಂದು ಲೇತ್ ಇಟ್ಟುಕೊಂಡಿದ್ದಾನೆ. ನನ್ನನ್ನು ಕಂಡವನೇ "ಬನ್ನಿ ಸಾರ್, ಏನ್ ರಿಜೆಕ್ಟ್ ಮಾಡೋಕೆ ಬಂದ್ರಿ?" ಎಂದ. ವಿಷಯ ಹೇಳಿದೆ. ಲೇತ್ ಆಫ್ ಮಾಡಿ, ಸ್ಟೂಲು ಎಳೆದುಕೊಂಡು ಕೂತು, "ಇನ್ನೊಂದ್ಸಲ ಹೇಳಿ ಸಾರ್" ಎಂದ. ಹೇಳಿದೆ.

"ಆರು ವರ್ಷ? ನೀವು?"

"ಹೂಂ."

"ನನ್ ಪೀಸ್ ಕೂದಲೆಳೆ ಜಾಸ್ತಿ ಇದ್ರೆ ಕೆಂಪು ಬಣ್ಣ ಬಳಿದು ಬಿಸಾಕ್ತಿದ್ರಲ್ಲ ಸಾರ್. ಇದಕ್ಕೆ ಎಲ್ಲಿಗ್ ಬಳಿಯೋಣ, ಮಿಷಿನ್‌ಗಾ, ನಿಮಗಾ?"

ರಾಟೆಯನ್ನು ಮಾತ್ರ ಚೊಕ್ಕವಾಗಿ ಮಾಡಿಕೊಟ್ಟ. ಮನೆಗೆ ಬಂದು ಅಳೆದೆ. ತಪ್ಪು ಹುಡುಕಿದೆ, ಸಿಗಲಿಲ್ಲ.

ಇನ್ನು ಸುಶೀಲೆಗೆ ಹೇಳಬೇಕು. ಹೇಳುವ ಧೈರ್ಯ ಬರಲು ಎಂಟು ದಿನ ಹಿಡಿಯಿತು. ಆ ಎಂಟು ದಿನವೂ ರಬ್ಬರು ಹಿಡಿದು ಎಪ್ಪತ್ತು ಕವರುಗಳ ಪೆನ್ಸಿಲ್ ಗುರುತನ್ನು ಅಳಿಸುತ್ತಾ ಕೂತಿದ್ದೆ. ಒಂಬತ್ತನೆಯ ದಿನ ನಾಲ್ಕು ಗಂಟೆಗೆ ಆ ದೇವರನಾಮದ ರೆಕಾರ್ಡನ್ನು ಸರಿಯಾದ ವೇಗದಲ್ಲಿ ಹಾಕಿದೆ. ಅಡುಗೆಮನೆಯಲ್ಲಿ ಚಾಕುವಿನ ಸದ್ದು ನಿಂತಿತು. ಅವಳು ಬಂದು ಬಾಗಿಲ ಚೌಕಟ್ಟಿಗೆ ಒರಗಿ ಪೂರ್ತಿ ಕೇಳಿದಳು.

"ಯಾರ್ರೀ ಇದು?"

"ಅವರೇ."

"ಅದೇ ರೆಕಾರ್ಡಾ?"

"ಅದೇ. ದೋಷ ಮೋಟರಿನದು. ವೇಗ ಕಡಿಮೆ ಇತ್ತು. ಈಗ ಸರಿಪಡಿಸಿದೆ" ಎಂದು ವರದಿ ಒಪ್ಪಿಸಿದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಕೀರಲು ಅಂತ ಮೋಟರ್ ಅಂದಿತ್ತಾ ರೀ?"

ನಾನು ಪ್ಲೇಯರಿನ ಮುಳ್ಳು ಎತ್ತಿಟ್ಟೆ.

"ಎರಡು ವರ್ಷ, ಆ ಕಮಲಮ್ಮ ಎತ್ತಿಕೊಡೋದನ್ನ ಕೇಳ್ಕೊಂಡು ಹಿಂದೆ ಕೂತಿದೀನಿ. ಒಂದ್ಸಲ ಬಂದು ಕೇಳಿ, ಗೊತ್ತಾಗುತ್ತೆ. ನನ್ನ ಗಂಟಲಿಗೆ ಏನೋ ರೋಗ ಬಂತು ಅಂದ್ಕೊಂಡು ದಿನಾ ಬಿಸಿನೀರು, ಜೇಷ್ಠಮಧು ಅಂತ ಕುಡಿದಿದ್ದೇ ಕುಡಿದಿದ್ದು." ಅಷ್ಟು ಹೇಳಿ ಒಳಗೆ ಹೋದಳು. ತಪ್ಪಾಯಿತು ಎನ್ನಬೇಕಿತ್ತು. ನಾನು ರೆಕಾರ್ಡನ್ನು ಒಣ ಬಟ್ಟೆಯಲ್ಲಿ ಒರೆಸಿದೆ. ಆಮೇಲೆ ಅಡುಗೆಮನೆಗೆ ಹೋಗಿ ಹೇಳಿದೆ. ಅವಳು "ಹುರುಳಿಕಾಯಿ ನಾರು ತೆಗೀರಿ" ಎಂದಳು. ತೆಗೆದೆ.

ಆ ಶುಕ್ರವಾರ ಅವಳು ಗುಡಿಗೆ ಹೊರಟಾಗ ನಾನೂ ಹಿಂದೆ ಹೋಗಿ ಚಪ್ಪಲಿ ಬಿಡುವ ಕಡೆ ನಿಂತೆ. ಅವಳು ಮುಂದಿನ ಸಾಲಿನಲ್ಲಿ ಕೂತಳು. ಕಮಲಮ್ಮ ಮುಖ ತಿರುಗಿಸಿದರು. ಸುಶೀಲೆ ಮೊದಲ ಸಾಲು ಎತ್ತಿದಳು, ತನ್ನದೇ ಶ್ರುತಿಯಲ್ಲಿ. ಎರಡು ವರ್ಷ ಸುಮ್ಮನಿದ್ದ ಧ್ವನಿ ಮೊದಲು ಸ್ವಲ್ಪ ತಡವರಿಸಿತು, ಆಮೇಲೆ ನಿಂತಿತು. ಹಿಂದಿನ ಸಾಲಿನ ಒಬ್ಬ ಮುದುಕಿ "ಬಂದ್ಳು ಕಣ್ರೇ ನಮ್ಮ ಸುಶೀಲಮ್ಮ!" ಎಂದು ಗಟ್ಟಿಯಾಗಿಯೇ ಹೇಳಿದರು. ನನ್ನ ಕಣ್ಣು ಒದ್ದೆಯಾಯಿತು ಎಂದು ಬರೆಯಬಹುದು. ಚಪ್ಪಲಿಯ ಧೂಳೂ ಇತ್ತು.

ಗುಡಿಯಿಂದ ಮನೆಗೆ ನಾಲ್ಕು ನಿಮಿಷದ ನಡಿಗೆ. ಮೂರೂಮುಕ್ಕಾಲು ನಿಮಿಷ ನಾನು ಏನೂ ಮಾತಾಡಲಿಲ್ಲ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇದು ನನ್ನ ದೊಡ್ಡ ಸಾಧನೆ. ಗೇಟಿನ ಹತ್ತಿರ ಬಂದಾಗ ತಡೆಯಲಾಗಲಿಲ್ಲ.

"ಚೆನ್ನಾಗಿತ್ತು. ಮೂರನೇ ನುಡಿಯಲ್ಲಿ ಮಾತ್ರ ಸ್ವಲ್ಪ ಓಡಿದೆ ಕಣೇ."

ಅವಳು ಚಿಲಕದ ಮೇಲೆ ಕೈಯಿಟ್ಟವಳು ನಿಂತಳು. "ಅಳೆದ್ರಾ?"

"ಇಲ್ಲ."

"ಹಾಗಿದ್ರೆ ಸುಮ್ನೆ ಒಳಗೆ ಬನ್ನಿ."

ಬಂದೆ. ಆದರೆ ನಿಮ್ಮ ಹತ್ತಿರ ಹೇಳಲು ಏನಂತೆ, ಓಡಿದ್ದಂತೂ ನಿಜ.