ದೊಡ್ಡತ್ತೆಯ ಭಾನುವಾರದ ಭಯ

ತುಮಕೂರಿನಲ್ಲಿ ಪುಕ್ಕಲರಿಗೆಂದೇ ಒಂದು ಸ್ಪರ್ಧೆ ಇಟ್ಟಿದ್ದರೆ ಮೊದಲ ಬಹುಮಾನ ನಮ್ಮ ದೊಡ್ಡತ್ತೆಗೇ ಸೇರಬೇಕಿತ್ತು. ಆದರೆ ಅದನ್ನು ಈಸಿಕೊಳ್ಳಲು ಅವರು ವೇದಿಕೆ ಹತ್ತುತ್ತಿರಲಿಲ್ಲ. ಹಲಗೆ ಮುರಿದರೆ?

ಆ ಭಾನುವಾರವೂ ಎಲ್ಲ ಭಾನುವಾರಗಳಂತೆಯೇ ಶುರುವಾಯಿತು. ಹಂಡೆಗೆ ಉರಿ ಹಾಕಿದೆ, ಉಪ್ಪಿಟ್ಟಿಗೆ ರವೆ ಹುರಿದಿಟ್ಟೆ, ತಲೆಗೆ ಎಣ್ಣೆ ಒತ್ತಿಕೊಂಡು ಬಚ್ಚಲಿಗೆ ಹೋದೆ. ಅಲ್ಲಿ ಎಂದಿನ ಜಾಗಕ್ಕೆ ಬಂದಾಗ ನನ್ನ ಕೈ ಎಂದಿನಂತೆ ನಿಂತಿತು. ಎಡಗಡೆ, ಎದೆಯ ಪಕ್ಕದಲ್ಲಿ, ಹುಣಸೆಬೀಜದಷ್ಟು ಒಂದು ಗಂಟು. ದೀಪಾವಳಿಯ ಎಣ್ಣೆಸ್ನಾನದಲ್ಲಿ ಮೊದಲು ಸಿಕ್ಕಿದ್ದು. ಸಂಕ್ರಾಂತಿ ಕಳೆದಿತ್ತು, ಯಾರಿಗೂ ಹೇಳಿರಲಿಲ್ಲ. ಒಂದು ಚೊಂಬು ಬಿಸಿನೀರು ಹೆಚ್ಚಾಗಿ ಸುರಿದುಕೊಂಡು ಹೊರಗೆ ಬಂದೆ. ಕರಗಿಹೋಗುತ್ತದೇನೋ ಎಂಬಂತೆ!

ನಡುಮನೆಯಲ್ಲಿ ಆಗಲೇ ಚಾಪೆ ಹಾಸಿತ್ತು. ನಮ್ಮವರು ತಾರಸಿಯ ಮೇಲೆ ಆಂಟೆನಾ ತಿರುಗಿಸುತ್ತಿದ್ದರು.

"ಬಂತಾ?"

"ಬಂತು, ಬಂತು... ಹೋಯ್ತು ಕಣೋ!" ಎಂದು ದೊಡ್ಡತ್ತೆ ಕೂಗುತ್ತಿದ್ದರು.

ದೊಡ್ಡತ್ತೆ ಎಂದರೆ ನಮ್ಮ ಮಾವನವರ ಅಕ್ಕ. ಅಮೃತೂರಿನ ಕಡೆಯವರು. ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದರು. ಟೀವಿ ಬರುವ ಮುಂಚೆ ಅವರಿಗಿದ್ದದ್ದು ಮೂರೇ ಭಯ: ಗುಡುಗು, ಗೂಳಿ, ಆಟೋರಿಕ್ಷಾ. ಆಟೋಗೆ ಮೂರೇ ಚಕ್ರ ಯಾಕೆ, ನಾಲ್ಕನೆಯದು ಎಲ್ಲಿ ಕಳಚಿಬಿತ್ತು ಎಂಬುದು ಅವರ ಪ್ರಶ್ನೆ. ಟೀವಿ ಬಂದ ಮೇಲೆ ವಾರಕ್ಕೊಂದು ಹೊಸ ಭಯ ಸೇರತೊಡಗಿತು. ಭಾನುವಾರ ಬೆಳಿಗ್ಗೆ ದೆಹಲಿಯಿಂದ ಬರುತ್ತಿದ್ದ ಆ ಕಾರ್ಯಕ್ರಮದಲ್ಲಿ ಏನಿರಲಿಲ್ಲ ಹೇಳಿ! ಯೋಗಾಸನ, ಅಡುಗೆ, ಒಂದು ಹಾಡು, ಯಾರೋ ದೊಡ್ಡ ಮನುಷ್ಯರ ಜೊತೆ ಮಾತುಕತೆ, ಡಾಕ್ಟರ ಸಲಹೆ, ಕೊನೆಗೆ ಹೂಕುಂಡದ ಆರೈಕೆ. ಕ್ಯಾರಿಯರಿನ ಊಟದ ಹಾಗೆ, ಒಂದು ಡಬ್ಬಿ ಸೇರದಿದ್ದರೆ ಇನ್ನೊಂದು. ನಾವು ನೋಡುತ್ತಿದ್ದದ್ದು ಖುಷಿಗೆ. ದೊಡ್ಡತ್ತೆ ನೋಡುತ್ತಿದ್ದದ್ದು ಹೆದರುವುದಕ್ಕೆ!

ಅದೆಲ್ಲ ಹಿಂದಿ, ಇಂಗ್ಲಿಷಿನಲ್ಲಿ. ಹಾಗಾಗಿ ಚಾಪೆಯ ತುದಿಯಲ್ಲಿ ಕೂತು ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸ ಕಾನ್ವೆಂಟಿನಲ್ಲಿ ಓದಿದ ಸೊಸೆಯಾದ ನನ್ನದು. ಅಂದರೆ ದೊಡ್ಡತ್ತೆಯ ಭಯಗಳನ್ನೆಲ್ಲ ಮನೆಯೊಳಗೆ ತಂದವಳು ನಾನೇ.

ಒಂದು ವಾರ ಪ್ರೆಷರ್ ಕುಕ್ಕರನ್ನು ಹುಷಾರಾಗಿ ಬಳಸುವ ಬಗೆ ತೋರಿಸಿದರು. ಅಂದಿನಿಂದ ಕುಕ್ಕರ್ ಒಲೆಯ ಮೇಲಿದ್ದಷ್ಟು ಹೊತ್ತೂ ದೊಡ್ಡತ್ತೆ ಗೇಟಿನ ಹತ್ತಿರ. ಸೀಟಿ ಎಣಿಸುವುದು ಅಲ್ಲಿಂದಲೇ. "ಮೂರಾಯ್ತು ಕಣವ್ವ, ಆರ್ಸು! ನಾಕ್ನೇದು ಕೂಗುದ್ರೆ ನಾನು ಅಮೃತೂರಿಗೆ ಹೊಂಟೆ!" ನಮ್ಮ ಮನೆಯ ಬೇಳೆ ಬೆಂದದ್ದು ನನಗಿಂತ ಮೊದಲು ಬೀದಿಗೆ ಗೊತ್ತಾಗುತ್ತಿತ್ತು.

ಇನ್ನೊಂದು ವಾರ, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬಾರದು ಎಂದರು. ದೊಡ್ಡತ್ತೆ ಒಣಗಿದ ಕೈಯಲ್ಲೂ ಮುಟ್ಟುವುದನ್ನು ಬಿಟ್ಟರು. ದೀಪ ಹಾಕಬೇಕೆಂದರೆ ಮರದ ಮಣೆಯ ಮೇಲೆ ನಿಂತು, ಮರದ ಸೌಟಿನಿಂದ ಸ್ವಿಚ್ಚನ್ನು ತಿವಿಯುವುದು. ಆ ಹೊತ್ತಿಗೆ ಸೌಟು ಹುಳಿಯ ಪಾತ್ರೆಯಲ್ಲಿದ್ದರೆ ಮುಗಿಯಿತು. ಅದನ್ನು ತೊಳೆದು, ಒರೆಸಿ, ಒಣಗಿಸುವವರೆಗೂ ನಾವೆಲ್ಲ ಕತ್ತಲಲ್ಲಿ!

ಯೋಗದ ಹುಡುಗ ಶೀರ್ಷಾಸನ ಹಾಕಿದ ದಿನವಂತೂ ಎದ್ದುಹೋಗಿ ಟೀವಿಯನ್ನೇ ಎರಡೂ ಕೈಯಲ್ಲಿ ತಬ್ಬಿ ನಿಂತರು. "ಬೀಳ್ತಾನೆ ಕಣೋ! ಯಾರಾದ್ರೂ ಹಿಡ್ಕಳ್ರೋ!"

"ದೊಡ್ಡತ್ತೆ, ಅವನಿರೋದು ದೆಹಲೀಲಿ" ಎಂದು ನಮ್ಮವರು ನಕ್ಕರು.

"ಅಲ್ಲೂ ಯಾರೂ ಹಿಡ್ಕಂಡಿಲ್ವಲ್ಲೋ!"

ಇಂಥವರ ಮುಂದೆ ಹುಣಸೆಬೀಜದ ಸುದ್ದಿ ಎತ್ತುವುದುಂಟೇ?

ಆ ಭಾನುವಾರ ಎದುರುಮನೆಯ ಸಾವಿತ್ರಮ್ಮ ತಮ್ಮ ಯಜಮಾನರೊಂದಿಗೆ ಬಂದರು. ಗಂಡಸರಿಬ್ಬರೂ ಕುರ್ಚಿಯಲ್ಲಿ, ಹೆಂಗಸರು ಚಾಪೆಯ ಮೇಲೆ. ಹಾಡು ಮುಗಿಯಿತು. ಬಿಳಿ ಕೋಟಿನ ಡಾಕ್ಟರಮ್ಮ ಒಬ್ಬರು ಬಂದು ಇಂಗ್ಲಿಷಿನಲ್ಲಿ ಮಾತಾಡತೊಡಗಿದರು. ಹೆಂಗಸರು ತಿಂಗಳಿಗೊಮ್ಮೆ ತಮ್ಮ ಎದೆಯನ್ನು ತಾವೇ ಮುಟ್ಟಿ ನೋಡಿಕೊಳ್ಳಬೇಕು. ಗಂಟು ಸಿಕ್ಕಿದರೆ ನಾಚಿಕೊಳ್ಳದೆ, ಒಂದು ದಿನವೂ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ನೋವಿಲ್ಲ ಎಂದು ಸುಮ್ಮನಿರಬಾರದು. ನನ್ನದು ನೋಯುತ್ತಿರಲಿಲ್ಲ. ಆಕೆ ಮೂರು ಬೆರಳು ಜೋಡಿಸಿ, ಇನ್ನೊಂದು ಅಂಗೈಯ ಮೇಲೆ ಮೆಲ್ಲಗೆ ಸುತ್ತಿಸಿ ತೋರಿಸಿದರು.

"ಏನಂತೆ ಕಣ್ರೀ?" ಎಂದರು ಸಾವಿತ್ರಮ್ಮ.

ಕಾನ್ವೆಂಟಿನ ಸಿಸ್ಟರುಗಳು ನಮಗೆ ಮೈಯ ಭಾಗಗಳನ್ನೆಲ್ಲ ಇಂಗ್ಲಿಷಿನಲ್ಲಿ ಕಲಿಸಿದ್ದರು, ಗಂಡಸರೆದುರು ಅವನ್ನು ಕನ್ನಡದಲ್ಲಿ ಹೇಳುವುದನ್ನು ಕಲಿಸಿರಲಿಲ್ಲ. ಸಾವಿತ್ರಮ್ಮನ ಯಜಮಾನರು ಉಪ್ಪಿಟ್ಟಿನಲ್ಲಿದ್ದ ಕರಿಬೇವಿನ ಎಲೆಗಳನ್ನು ಆರಿಸಿ ತಟ್ಟೆಯಂಚಿಗೆ ಸಾಲಾಗಿ ಇಡುತ್ತಿದ್ದರು. ನನ್ನ ಕಣ್ಣಿಗೆ ಬಿದ್ದದ್ದು ಅದೇ ಹಸಿರು.

"ಸೊಪ್ಪು ಜಾಸ್ತಿ ತಿನ್ಬೇಕಂತೆ" ಎಂದೆ.

"ಮತ್ತೆ ಆ ಬೆರಳು?"

"ಅದು... ಸೊಪ್ಪು ತೊಳೆಯೋ ರೀತಿ. ಒಂದೊಂದೇ ಎಲೆ, ಮೂರು ಬೆರಳಲ್ಲಿ."

"ಅಯ್ಯೋ, ದಿಲ್ಲಿಯೋರಿಗೆ ಎಷ್ಟು ಪುರುಸೊತ್ತು ನೋಡಿ!" ಎಂದು ಸಾವಿತ್ರಮ್ಮ ನಕ್ಕರು. ನಾನೂ ನಕ್ಕೆ. ದೊಡ್ಡತ್ತೆ ನಗಲಿಲ್ಲ. ಹೆದರಲೂ ಇಲ್ಲ! ಟೀವಿ ಬಂದಾಗಿನಿಂದ ಅವರು ಸುಮ್ಮನೆ ಕೂತ ಮೊದಲ ಭಾನುವಾರ ಅದು.

ಎಲ್ಲರೂ ಎದ್ದುಹೋದ ಮೇಲೆ ದೊಡ್ಡತ್ತೆ ಅಡುಗೆಮನೆಗೆ ಬಂದು ನನ್ನ ಹಿಂದೆ ನಿಂತರು.

"ಆವಮ್ಮ ಅಷ್ಟೊತ್ತು ಮಾತಾಡುದ್ಲು. ನೀನು ಒಂದೇ ಮಾತ್ನಲ್ಲಿ ಸೊಪ್ಪು ಅಂದ್ಬುಟ್ಟೆ."

ನಾನು ಲೋಟ ತೊಳೆಯುತ್ತಲೇ ಇದ್ದೆ.

"ಆವಮ್ಮ ಬೆರಳಾಡಿಸ್ದಾಗ ನಿನ್ ಕೈ ಸೆರಗಿನೊಳಕ್ಕೆ ಹೋಯ್ತು, ಮಗ. ಟೀವಿ ನೋಡ್ಲಿಲ್ಲ ನಾನು. ನಿನ್ನೇ ನೋಡ್ತಿದ್ದೆ. ಯಾವಾಗಿಂದ?"

"ದೀಪಾವಳಿಯಿಂದ" ಎಂದೆ. ಲೋಟ ಕೈಯಿಂದ ಜಾರಿತು. ಪಾತ್ರೆ ಬಿದ್ದರೆ ಹೌಹಾರುವ ದೊಡ್ಡತ್ತೆ ಆ ಸದ್ದಿಗೆ ಕಣ್ಣೂ ಮಿಟುಕಿಸಲಿಲ್ಲ.

"ಬ್ಯಾರೆ ಸೀರೆ ಉಡು."

ಹೊರಗೆ ನಮ್ಮವರು ಪೇಪರಿನಿಂದ ತಲೆಯೆತ್ತಿದರು. "ಎಲ್ಲಿಗೆ ಹೊರಟ್ರಿ?"

"ನಂಗೆ ಹಲ್ಲು ನೋವು. ಜೊತೆಗೆ ಇವ್ಳು ಬರ್ತಾಳೆ."

"ನಿಮಗೆ ಹಲ್ಲೆಲ್ಲಿದೆ ದೊಡ್ಡತ್ತೆ?"

"ಇಲ್ದೇ ಇರೋ ಜಾಗನೇ ಕಣೋ ನೋಯೋದು!"

ಲೇಡಿ ಡಾಕ್ಟರ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಜಟಕಾ ಕಾಣಲಿಲ್ಲ. ಒಂದು ಆಟೋ ಬಂತು. ನಾನು ದೊಡ್ಡತ್ತೆಯ ಮುಖ ನೋಡಿದೆ. ಅವರು ಚಕ್ರಗಳ ಕಡೆ ನೋಡದೆ ಹತ್ತಿ ಕೂತರು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನನ್ನ ಮಣಿಕಟ್ಟು. ನನ್ನ ಗಾಜಿನ ಬಳೆಗಳು ಚರ್ಮಕ್ಕೆ ಒತ್ತಿ ಸಾಲು ಗುರುತು ಮೂಡಿತ್ತು.

"ನಿಧಾನಕ್ಕೆ ಹೋಗ್ಲಾ ಅಜ್ಜಿ?" ಎಂದ ಆಟೋದವನು.

"ಜೋರಾಗೇ ಹೋಗಪ್ಪ."

ಭಾನುವಾರ, ಡಾಕ್ಟರ ಮನೆಯ ಬಾಗಿಲು ಮುಚ್ಚಿತ್ತು. ಆಗಷ್ಟೇ ತೊಳೆದ ಮೆಟ್ಟಿಲು ಒದ್ದೆಯಾಗಿತ್ತು. ಬಾಗಿಲ ಪಕ್ಕದಲ್ಲಿ ಕರೆಗಂಟೆಯ ಕಪ್ಪು ಗುಂಡಿ. "ಮಲಗಿರಬಹುದು ದೊಡ್ಡತ್ತೆ, ನಾಳೆ ಬರೋಣ" ಎಂದೆ. ನನ್ನ ಕಾಲು ಆಗಲೇ ವಾಪಸು ಹೊರಟಿತ್ತು. ದೊಡ್ಡತ್ತೆ ಆ ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ಬರಿಬೆರಳಿನಿಂದ ಆ ಗುಂಡಿ ಒತ್ತಿದರು. ಮಣೆಯಿಲ್ಲ, ಸೌಟಿಲ್ಲ. ಬಾಗಿಲು ತೆರೆಯುವವರೆಗೂ ಬೆರಳು ತೆಗೆಯಲಿಲ್ಲ.

ಡಾಕ್ಟರ್ ಸಿಡುಕಿಕೊಂಡೇ ಬಂದರು. ಆದರೆ ಅವರ ಬೆರಳು ಮೆತ್ತಗಿತ್ತು. ಅವೇ ಮೂರು ಬೆರಳು. "ಕೈಗೆ ಸಿಗದೆ ಜಾರುತ್ತೆ, ಒಳ್ಳೇ ಲಕ್ಷಣ. ಆದರೂ ತೆಗೆದು ಪರೀಕ್ಷೆಗೆ ಕಳಿಸಲೇಬೇಕು. ಓದಿದೋರು, ಇಷ್ಟು ದಿನ ಯಾಕಮ್ಮ ಸುಮ್ನಿದ್ರಿ?"

ನಾನು ರವಿಕೆಯ ಗುಂಡಿ ಹಾಕಿಕೊಳ್ಳತೊಡಗಿದೆ.

"ಎದ್ರುಕಂಡಿದ್ಲು ಕಣವ್ವ" ಎಂದರು ದೊಡ್ಡತ್ತೆ. ಆಮೇಲೆ ನನ್ನ ಕಡೆ ತಿರುಗಿ, "ನಮ್ಮನೇಲಿ ಎದ್ರುಕಳಕ್ಕೆ ನಾನೊಬ್ಳು ಇರ್ಲಿಲ್ವಾ? ನಂಗೆ ಕೊಟ್ಬುಡೋದಲ್ವಾ ಅದ್ನ?" ಎಂದರು.

ಅದು ಅಪಾಯವಿಲ್ಲದ ಗಂಟು ಎಂದು ಗೊತ್ತಾದದ್ದು ಹದಿನೈದು ದಿನಗಳ ಮೇಲೆ. ಆ ದಿನ ಯಾರಿಗೂ ಏನೂ ಗೊತ್ತಿರಲಿಲ್ಲ. ಹಿಂದಿರುಗುವಾಗಲೂ ಆಟೋದಲ್ಲಿ ಕಣ್ಣು ಮುಚ್ಚಿಕೊಂಡೇ ದೊಡ್ಡತ್ತೆ ಅಪ್ಪಣೆ ಕೊಟ್ಟರು: "ಇವತ್ತೇ ನಿನ್ ಗಂಡಂಗೆ ಯೋಳು. ನಾಳೆ ಗಂಡಸ್ರೆಲ್ಲ ಕೆಲಸಕ್ಕೆ ಹೋದ್ಮೇಲೆ ಬೀದಿ ಹೆಂಗಸ್ರನ್ನ ಕರಿ. ಆವಮ್ಮ ಏನಂದ್ಲೋ ನೆಟ್ಗೆ ಯೋಳು. ಸೊಪ್ಪು ಗಿಪ್ಪು ಅಂದ್ರೆ ನೋಡು!"

ನಮ್ಮವರಿಗೆ ಹೇಳಿದೆ. ಅವರು ಬಹಳ ಹೊತ್ತು ಪೇಪರನ್ನು ಮಡಿಸುತ್ತಲೇ ಇದ್ದರು.

ಸಂಜೆ ದೀಪ ಹಾಕುವ ಹೊತ್ತಾಯಿತು. ದೊಡ್ಡತ್ತೆ ಮಣೆ ಎಳೆದು ಹತ್ತಿ ನಿಂತು, ಸೌಟು ಎತ್ತಿದರು. ಲೈಟು ಹತ್ತಿತು. ಬಾಗಿಲಲ್ಲಿ ಸಾವಿತ್ರಮ್ಮ, ಕೈಯಲ್ಲಿ ಮೊಸರಿಗೆ ಹೆಪ್ಪು ಕೇಳಲು ತಂದ ಬಟ್ಟಲು.

"ಮೂರು ಬೆರಳಲ್ಲಿ ದಂಟಿನ ಸೊಪ್ಪು ತೊಳೆದು ತೊಳೆದು ನನ್ ಸೊಂಟ ಬಿದ್ದೋಯ್ತು ಕಣ್ರೀ" ಎಂದರು. ಆಮೇಲೆ ಮಣೆಯ ಮೇಲಿದ್ದ ದೊಡ್ಡತ್ತೆಯನ್ನು ನೋಡಿ, ದನಿ ತಗ್ಗಿಸಿ, "ಪಾಪ, ಈ ವಾರ ಬರೀ ಸೊಪ್ಪಿನ ವಿಷಯ ಆಗೋಯ್ತು. ನಿಮ್ಮ ದೊಡ್ಡತ್ತೆಗೆ ಹೆದರಿಕೊಳ್ಳೋಕೆ ಏನೂ ಸಿಗಲೇ ಇಲ್ಲ, ಅಲ್ವೇ?" ಎಂದರು.